ಫೈಲುಗಳಿಗೆ ಬಾಲ ಬಂದ ಸೋಮವಾರ: ಬೈಕಂಪಾಡಿಯ ಗೇರುಬೀಜ ಕಾರ್ಖಾನೆಯ ಒಂದು ಪ್ರಕರಣ

ಜೂನ್ 9, ಸೋಮವಾರ, ಬೆಳಗ್ಗೆ 8:40. ಮಳೆ ಜೋರಾಗಿತ್ತು. ಕೊಟ್ಟಾರ ಚೌಕಿಯಲ್ಲಿ ಎಂದಿನಂತೆ ನೀರು ನಿಂತಿತ್ತು. ಬೈಕ್ ಬದಿಗೆ ಹಾಕಿ ಫೋನ್ ತೆಗೆದೆ. ಬೈಕಂಪಾಡಿಯ ಗೇರುಬೀಜ ಕಾರ್ಖಾನೆಯಿಂದ ಅಕೌಂಟ್ಸ್ ಅಕ್ಕ.

"ಟ್ಯಾಲಿ ಓಪನ್ ಆಗ್ತಾ ಇಲ್ಲ. ಫೈಲಿಗೆಲ್ಲ ಎಂತದೋ ಒಂದು ಬಾಲ ಬಂದಿದೆ ಮಾರಾಯ್ರೆ."

ಟ್ಯಾಲಿ ಅಂದರೆ ಲೆಕ್ಕ ಬರೆಯುವ ಸಾಫ್ಟ್‌ವೇರ್. ಬಾಲ ಅಂದ ಕೂಡಲೇ ನನಗೆ ವಿಷಯ ಗೊತ್ತಾಯಿತು. ಪ್ರತಿ ಫೈಲಿನ ಹೆಸರಿನ ಕೊನೆಗೆ ಅರ್ಥವಿಲ್ಲದ ಅಕ್ಷರಗಳು. ಪ್ರತಿ ಫೋಲ್ಡರಿನಲ್ಲೂ ಒಂದೊಂದು ಟೆಕ್ಸ್ಟ್ ಫೈಲು: ನಿಮ್ಮ ಡೇಟಾಕ್ಕೆ ಬೀಗ ಹಾಕಿದ್ದೇವೆ, ಬೇಕಾದರೆ ಈ ವಿಳಾಸಕ್ಕೆ ಬರೆಯಿರಿ. ರಾನ್ಸಮ್‌ವೇರ್.

"ಅಕ್ಕ, ಕಂಪ್ಯೂಟರ್ ಆಫ್ ಮಾಡ್ಬೇಡಿ. ಸರ್ವರಿನ ಹಿಂದೆ ನೀಲಿ ವಯರ್ ಉಂಟಲ್ಲ, ಅದನ್ನು ಎಳೆದು ತೆಗೀರಿ. ಉಳಿದ ಕಂಪ್ಯೂಟರಿನದ್ದೂ ತೆಗೀರಿ. ಮತ್ತೆ ಯಾವುದನ್ನೂ ಮುಟ್ಟಬೇಡಿ. ನಾನು ಬಂದೆ."

ನಾವು ಆರು ಜನರ ಸಣ್ಣ ಐಟಿ ಸರ್ವಿಸ್ ಸಂಸ್ಥೆ. ಮಂಗಳೂರು ಮತ್ತು ಉಡುಪಿಯಲ್ಲಿ 14 ಕಡೆ ನಮ್ಮ ಎಎಂಸಿ, ಅಂದರೆ ಕಂಪ್ಯೂಟರ್ ನೋಡಿಕೊಳ್ಳುವ ವರ್ಷದ ಒಪ್ಪಂದ, ಇತ್ತು. ಕಾರ್ಖಾನೆ, ಕ್ಲಿನಿಕ್, ಐಸ್ ಪ್ಲಾಂಟ್, ಆಡಿಟರ ಆಫೀಸು, ಹೀಗೆ. ಕಾರ್ಖಾನೆಯ ಧಣಿಗಳು ಒಪ್ಪಿದ ಮೇಲೆಯೇ, ಯಾರ ಹೆಸರನ್ನೂ ಹಾಕದೆ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಆದ ತಪ್ಪು ನಮ್ಮದು. ಕರಾವಳಿಯಲ್ಲಿ ನಮ್ಮ ಹಾಗೆಯೇ ಕೆಲಸ ಮಾಡುವವರು ತುಂಬಾ ಜನ ಇದ್ದಾರೆ. ಅವರು ಇದನ್ನು ಓದಿ ಇವತ್ತೇ ಎರಡು ವಿಷಯ ನೋಡಿಕೊಂಡರೂ ನನಗೆ ಸಾಕು.

ಬಾಗಿಲು ತೆರೆದದ್ದು ನಾವೇ

ಕಾರ್ಖಾನೆಯಲ್ಲಿ ಒಂದು ವಿಂಡೋಸ್ ಸರ್ವರ್, 11 ಕಂಪ್ಯೂಟರ್. ಸರ್ವರಿನಲ್ಲಿ ಟ್ಯಾಲಿ, ಕೂಲಿ ಲೆಕ್ಕದ ಎಕ್ಸೆಲ್ ಫೈಲುಗಳು, ಯಾವ ಲಾಟಿನಿಂದ ಎಷ್ಟು ಡಬ್ಲ್ಯು-240, ಎಷ್ಟು ಡಬ್ಲ್ಯು-320 (ತಿರುಳಿನ ಗಾತ್ರದ ಗ್ರೇಡುಗಳು) ಬಂತು ಅನ್ನುವ ಗ್ರೇಡಿಂಗ್ ಲೆಕ್ಕ. ಬ್ಯಾಕಪ್‌ಗೆ ಎರಡು ಡಿಸ್ಕಿನ ಒಂದು ನ್ಯಾಸ್, ಅಂದರೆ ನೆಟ್‌ವರ್ಕಿಗೆ ಸೇರಿಸಿದ ಡಿಸ್ಕ್ ಪೆಟ್ಟಿಗೆ. ರಾತ್ರಿ 11ಕ್ಕೆ ಸರ್ವರ್ ತಾನೇ ಅದಕ್ಕೆ ಕಾಪಿ ಹಾಕುತ್ತಿತ್ತು. ಬೆಳಗ್ಗೆ "ಸಕ್ಸೆಸ್" ಅಂತ ನಮಗೆ ಮೇಲ್ ಬರುತ್ತಿತ್ತು.

2020ರ ಲಾಕ್‌ಡೌನ್‌ನಲ್ಲಿ ಧಣಿಗಳಿಗೆ ಕದ್ರಿಯ ಮನೆಯಿಂದ ಟ್ಯಾಲಿ ನೋಡಬೇಕಾಗಿತ್ತು. ನಾವು ರೌಟರಿನಲ್ಲಿ ರಿಮೋಟ್ ಡೆಸ್ಕ್‌ಟಾಪ್‌ಗೆ ದಾರಿ ಬಿಟ್ಟೆವು. 3389 ಅನ್ನುವ ಮಾಮೂಲಿ ಪೋರ್ಟ್, ಅಂದರೆ ಆ ದಾರಿಯ ನಂಬರ್, ಬೇಡ ಅಂತ 3390 ಮಾಡಿದೆವು. ಅಷ್ಟಕ್ಕೇ ಭದ್ರ ಆಯಿತು ಅಂದುಕೊಂಡೆವು. ಇಂಟರ್ನೆಟ್ಟಿನಲ್ಲಿ ತೆರೆದ ಪೋರ್ಟುಗಳನ್ನು ಹುಡುಕುವ ಪ್ರೋಗ್ರಾಮುಗಳು ಹಗಲು ರಾತ್ರಿ ಓಡುತ್ತಿರುತ್ತವೆ. ನಂಬರ್ ಒಂದು ಹೆಚ್ಚು ಮಾಡಿದರೆ ಅವುಗಳಿಗೆ ಏನೂ ತೊಂದರೆ ಇಲ್ಲ. ಲಾಕ್‌ಡೌನ್ ಮುಗಿಯಿತು. ಧಣಿಗಳು ಆಫೀಸಿಗೆ ಬರತೊಡಗಿದರು. ಆ ದಾರಿ ಮುಚ್ಚುವುದು ಯಾರಿಗೂ ನೆನಪಾಗಲಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಸರ್ವರಿನ ಅಡ್ಮಿನ್ ಪಾಸ್‌ವರ್ಡ್ ಇಟ್ಟದ್ದು ನಾವು. ನಮ್ಮ ಸಂಸ್ಥೆಯ ಹೆಸರು, ಒಂದು ಚಿಹ್ನೆ, ಒಂದು ಇಸವಿ. 14 ಕಡೆಯೂ ಅದೇ. ಹುಡುಗರಿಗೆ ನೆನಪಿಡಲು ಸುಲಭ ಅಂತ. ನ್ಯಾಸ್‌ಗೂ ಅದೇ ಪಾಸ್‌ವರ್ಡ್.

ಸರ್ವರಿನ ಲಾಗ್ ಬಿಚ್ಚಿ ನೋಡಿದಾಗ 4625 ಅನ್ನುವ ನಂಬರಿನ ಸಾಲು ಸಾಲು ಸಿಕ್ಕಿತು. ಲಾಗಿನ್ ಮಾಡಲು ಹೋಗಿ ಸೋತದ್ದಕ್ಕೆ ವಿಂಡೋಸ್ ಬರೆಯುವ ನಂಬರ್ ಅದು. ಎಷ್ಟು ದಿನದಿಂದ ಬಾಗಿಲು ತಟ್ಟುತ್ತಿದ್ದರೋ ಹೇಳಲಿಕ್ಕಾಗಲಿಲ್ಲ. ಸೆಕ್ಯುರಿಟಿ ಲಾಗಿಗೆ ಮೊದಲಿನಿಂದ ಇದ್ದ 20 ಎಂಬಿ ಜಾಗವನ್ನು ನಾವು ಹೆಚ್ಚು ಮಾಡಿರಲೇ ಇಲ್ಲ. ತುಂಬಿದ ಹಾಗೆ ಹಳೆಯದು ಅಳಿಸಿ ಹೋಗುತ್ತಿತ್ತು. ಶನಿವಾರ ರಾತ್ರಿ 11:52ಕ್ಕೆ ಒಂದು 4624. ಒಳಗೆ ಬಂದದ್ದಕ್ಕೆ ಬೀಳುವ ನಂಬರ್ ಅದು. 1:40ಕ್ಕೆ ಮೊದಲ ಫೈಲಿಗೆ ಬಾಲ.

ನಡುವಿನ ಆ 108 ನಿಮಿಷ ಅವರು ಸುಮ್ನೆ ಕೂತಿರಲಿಲ್ಲ. ಆಂಟಿವೈರಸ್ ನಿಲ್ಲಿಸಿದ್ದರು. ವಿಂಡೋಸ್ ತಾನಾಗಿ ಇಡುವ ಹಳೆಯ ಕಾಪಿಗಳನ್ನು, ಅಂದರೆ ಶ್ಯಾಡೋ ಕಾಪಿಗಳನ್ನು, ಒಂದೇ ಕಮಾಂಡಿನಲ್ಲಿ ಅಳಿಸಿದ್ದರು. ಸರ್ವರಿನಲ್ಲಿ ಝಡ್ ಡ್ರೈವ್ ಅಂತ ಕಾಣುತ್ತಿದ್ದ ನ್ಯಾಸ್ ಒಳಗೆ ಹೋಗಿದ್ದರು. ಮೊದಲು ಬೀಗ ಬಿದ್ದದ್ದೇ ನಮ್ಮ ಬ್ಯಾಕಪ್ಪಿಗೆ, ಆಮೇಲೆ ಟ್ಯಾಲಿಗೆ. ನ್ಯಾಸ್‌ನಲ್ಲಿ ಎರಡು ಡಿಸ್ಕ್ ಇದೆ, ಒಂದು ಹೋದರೆ ಇನ್ನೊಂದು ಅಂತ ಧಣಿಗಳು ಧೈರ್ಯದಲ್ಲಿದ್ದರು. ಈ ಜೋಡಿ ಡಿಸ್ಕಿನ ಏರ್ಪಾಡು, ಅಂದರೆ ರೇಯ್ಡ್, ಕಾಯುವುದು ಡಿಸ್ಕ್ ಕೆಟ್ಟಾಗ ಮಾತ್ರ. ಒಂದರಲ್ಲಿ ಬರೆದದ್ದನ್ನು ಅದು ಅದೇ ಕ್ಷಣ ಇನ್ನೊಂದರಲ್ಲೂ ಬರೆಯುತ್ತದೆ, ಬಾಲ ಬಂದ ಫೈಲನ್ನೂ.

ಒಂದು ಕಾರ್ಖಾನೆ, ಮತ್ತೆ 13 ಕಡೆ

ಹತ್ತು ಗಂಟೆಗೆ ಧಣಿಗಳು ಬಂದರು. "ನಾಳೆ ಬೆಳಗ್ಗೆ ಒಂದು ಲೋಡ್ ಹೋಗ್ಲಿಕ್ಕುಂಟು. 11ನೇ ತಾರೀಕಿಗೆ ಜಿಎಸ್‌ಟಿಆರ್-1, ಮಾರಾಟದ ಜಿಎಸ್‌ಟಿ ಲೆಕ್ಕ, ಕೊಡ್ಲಿಕ್ಕುಂಟು. ಎಷ್ಟು ಹೊತ್ತು ಬೇಕು ನಿಮಗೆ?"

ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆಯೇ. ಈ ಪಾಸ್‌ವರ್ಡ್ ಈಗ ಹೊರಗಿನವರ ಕೈಯಲ್ಲಿದೆ. ಉಳಿದ 13 ಕಡೆಯೂ ಅದೇ ಕೀಲಿ. ಇಲ್ಲಿ ಎಲ್ಲರೂ ಸೇರಿ ಟ್ಯಾಲಿ ಎಬ್ಬಿಸಲು ಕೂತರೆ ಸಂಜೆಯೊಳಗೆ ಇನ್ನೆಲ್ಲಿ ಬಾಲ ಬರುತ್ತದೋ?

ಧಣಿಗಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಾನು ಮತ್ತು ಒಬ್ಬ ಹುಡುಗ ಇಲ್ಲಿರುತ್ತೇವೆ. ಉಳಿದ ನಾಲ್ವರು ಬೇರೆ ಕಡೆ ಹೋಗಲೇಬೇಕು. ಧಣಿಗಳಿಗೆ ಬೇಸರ ಆಯಿತು, ಆದರೆ ಬೇಡ ಅನ್ನಲಿಲ್ಲ. ಇಬ್ಬರು ಕಂಕನಾಡಿ, ತೊಕ್ಕೊಟ್ಟು ಕಡೆಗೆ. ಒಬ್ಬ ಸುರತ್ಕಲ್ಲಿಗೆ. ಒಬ್ಬ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಉಡುಪಿಗೆ, ಅಲ್ಲಿಂದ ಮಣಿಪಾಲಕ್ಕೆ.

ಅದಕ್ಕೆ ಮೊದಲು 13 ಜನರಿಗೂ ನಾನೇ ಫೋನ್ ಮಾಡಿದೆ. ಆ ಒಂದು ಗಂಟೆ ಬಹಳ ಕಷ್ಟದ್ದಾಗಿತ್ತು. "ನಮ್ಮ ಒಂದು ಕಡೆ ಹೀಗಾಗಿದೆ, ನಿಮ್ಮಲ್ಲೂ ಅದೇ ಪಾಸ್‌ವರ್ಡ್ ಇದೆ, ಹುಡುಗ ಬರುವವರೆಗೆ ಇಂಟರ್ನೆಟ್ ತೆಗೆದಿಡಿ." ಹೆಚ್ಚಿನವರು ಗಾಬರಿಯಾದರೂ ತೆಗೆದಿಟ್ಟರು. ಒಬ್ಬರು ಮಾತ್ರ "ಇಷ್ಟು ವರ್ಷ ಎಲ್ಲರಿಗೂ ಒಂದೇ ಪಾಸ್‌ವರ್ಡಾ?" ಅಂತ ಕೇಳಿದರು. ಮುಂದಿನ ತಿಂಗಳು ಎಎಂಸಿ ಬಿಟ್ಟರು. ಅವರ ಮೇಲೆ ನನಗೆ ಬೇಸರ ಇಲ್ಲ.

ಸಂಜೆ ಆರಕ್ಕೆ ವರದಿ ಬಂತು. 13ರಲ್ಲಿ ನಾಲ್ಕು ಕಡೆ ರಿಮೋಟ್ ಡೆಸ್ಕ್‌ಟಾಪ್ ದಾರಿ ತೆರೆದೇ ಇತ್ತು. ಒಂದು ಕಡೆಯಂತೂ ನಮ್ಮ ಹುಡುಗ ಲಾಗ್ ತೆರೆದು ಕೂತಿದ್ದ ಹಾಗೇ 4625 ಸಾಲುಗಳು ಕೆಳಗಿನಿಂದ ಮೇಲಕ್ಕೆ ಏರುತ್ತಿದ್ದವು. ಅವನು ಅದರ ಫೋಟೋ ಕಳಿಸಿದ. ನೋಡಿ ನನ್ನ ಕೈ ತಣ್ಣಗಾಯಿತು.

ನಮ್ಮಂಥವರ ಹಿಂದೆ ಯಾಕೆ ಬೀಳುತ್ತಾರೆ ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ. ಒಬ್ಬ ಸರ್ವಿಸಿನವನ ಕೀಲಿಗೊಂಚಲು ಸಿಕ್ಕಿದರೆ ಹತ್ತಾರು ಮನೆ ಸಿಕ್ಕಿದ ಹಾಗೆ. 2021ರ ಜುಲೈ 2ರಂದು ಕಸೇಯಾ ಕಂಪನಿಯ ವಿಎಸ್‌ಎ ಅನ್ನುವ ರಿಮೋಟ್ ಟೂಲಿನ ಮೂಲಕ ಇದೇ ಆಯಿತು. ಅದನ್ನು ಬಳಸುತ್ತಿದ್ದದ್ದು ಸರ್ವಿಸ್ ಸಂಸ್ಥೆಗಳು. ಪೆಟ್ಟು ತಿಂದದ್ದು ಅವರ ಗಿರಾಕಿಗಳು, 1500ರವರೆಗೆ. ಸ್ವೀಡನ್ನಿನಲ್ಲಿ ಒಂದೇ ಕಂಪನಿಯ ಸುಮಾರು 800 ದಿನಸಿ ಅಂಗಡಿಗಳು ಬಾಗಿಲು ಹಾಕಿದವು, ಬಿಲ್ ಹಾಕುವ ಮೆಷಿನ್ ನಿಂತದ್ದಕ್ಕೆ. ನಮ್ಮ ದೇಶದಲ್ಲೇ 2024ರ ಜುಲೈ ಕೊನೆಯಲ್ಲಿ, ಬ್ಯಾಂಕುಗಳಿಗೆ ತಂತ್ರಜ್ಞಾನ ಸೇವೆ ಕೊಡುವ ಒಂದು ಕಂಪನಿಗೆ ರಾನ್ಸಮ್‌ವೇರ್ ತಗುಲಿ ಸುಮಾರು 300 ಸಣ್ಣ ಬ್ಯಾಂಕುಗಳ ಹಣ ಪಾವತಿ ನಿಂತಿತ್ತು. ಎರಡನ್ನೂ ಓದಿದ್ದೆ. ನಮ್ಮ ಪಾಸ್‌ವರ್ಡೂ ಅದೇ ಜಾತಿಯದ್ದು ಅಂತ ಆಗ ಹೊಳೆದಿರಲಿಲ್ಲ.

ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ವರದಿ ಮಧ್ಯಾಹ್ನವೇ ಕಳಿಸಿದೆವು. 2022ರ ಏಪ್ರಿಲ್‌ನ ನಿರ್ದೇಶನದ ಪ್ರಕಾರ ಇಂಥದ್ದು ಗೊತ್ತಾದ ಆರು ಗಂಟೆಯೊಳಗೆ ತಿಳಿಸಬೇಕು. ಲಾಗುಗಳನ್ನು 180 ದಿನ ಇಡಬೇಕು ಅಂತಲೂ ಅದರಲ್ಲಿದೆ. ನಮ್ಮಲ್ಲಿ ಇದ್ದದ್ದು ಎರಡು ದಿನದ್ದು. ಮಂಗಳೂರಿನ ಸೆನ್ ಠಾಣೆಯಲ್ಲಿ, ಅಂದರೆ ಸೈಬರ್ ಅಪರಾಧ ನೋಡುವ ಪೊಲೀಸ್ ಠಾಣೆಯಲ್ಲಿ, ದೂರನ್ನೂ ಕೊಟ್ಟೆವು.

"ದುಡ್ಡು ಕೊಟ್ಟರೆ ಸಿಗ್ತದಾ?" ಅಂತ ಧಣಿಗಳು ಒಮ್ಮೆ ಕೇಳಿದರು. ಕೊಟ್ಟವರಿಗೆಲ್ಲ ಪೂರ್ತಿ ಸಿಗುವುದಿಲ್ಲ, ಕೊಟ್ಟವರ ಹತ್ತಿರ ಮತ್ತೆ ಬರುವುದೂ ಉಂಟು ಅಂದೆ. ಎಷ್ಟು ಕೇಳುತ್ತಾರೆ ಅಂತ ತಿಳಿಯಲೂ ನಾವು ಆ ವಿಳಾಸಕ್ಕೆ ಬರೆಯಲಿಲ್ಲ. ನೋ ಮೋರ್ ರಾನ್ಸಮ್ ಅಂತ ಒಂದು ತಾಣ ಇದೆ. 2016ರಲ್ಲಿ ಡಚ್ ಪೊಲೀಸರು, ಯೂರೋಪೋಲ್ ಮತ್ತು ಎರಡು ಆಂಟಿವೈರಸ್ ಕಂಪನಿಗಳು ಸೇರಿ ಶುರು ಮಾಡಿದ್ದು. ಕೆಲವು ಜಾತಿಯ ಬೀಗಗಳಿಗೆ ಅಲ್ಲಿ ಕೀಲಿ ಪುಕ್ಕಟೆ ಸಿಗುತ್ತದೆ. ನಮ್ಮದಕ್ಕೆ ಇರಲಿಲ್ಲ.

ಅಕ್ಕನ ಡಿಸ್ಕ್

ಮಧ್ಯಾಹ್ನ ಎರಡರ ಹೊತ್ತಿಗೆ ನಾನು ಸೋತು ಕೂತಿದ್ದೆ. ಅಕ್ಕ ಚಹಾ ತಂದಿಟ್ಟು ಮೆಲ್ಲ ಹೇಳಿದರು, "ನನ್ನ ಹತ್ರ ಒಂದು ಡಿಸ್ಕ್ ಉಂಟು. ಮನೆಯಲ್ಲಿ."

ಆ ಡಿಸ್ಕ್ ನನಗೆ ಗೊತ್ತಿತ್ತು. ತುಂಬಾ ವರ್ಷದ ಹಿಂದೆ ಸಿಡಿಲು ಬಡಿದು ಆಫೀಸಿನ ಕಂಪ್ಯೂಟರ್ ಸುಟ್ಟು ಹೋಗಿತ್ತಂತೆ. ಅಲ್ಲಿಂದ ಪ್ರತಿ ಶನಿವಾರ ಸಂಜೆ ಅಕ್ಕ ಟ್ಯಾಲಿ ಫೋಲ್ಡರನ್ನು ಒಂದು ಪೋರ್ಟಬಲ್ ಡಿಸ್ಕಿಗೆ ಹಾಕಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಬ್ಯಾಗಿನಲ್ಲಿಟ್ಟು ಮನೆಗೆ ಒಯ್ಯುತ್ತಿದ್ದರು. ನ್ಯಾಸ್ ಹಾಕಿದ ದಿನ ನಾನೇ ಅವರಿಗೆ "ಇನ್ನು ಅದೆಲ್ಲ ಯಾಕೆ ಅಕ್ಕ, ಎಲ್ಲ ತನ್ನಷ್ಟಕ್ಕೆ ಆಗ್ತದೆ" ಅಂದಿದ್ದೆ. ಅವರು ನಕ್ಕು ಸುಮ್ಮನಾಗಿದ್ದರು. ನಿಲ್ಲಿಸಿರಲಿಲ್ಲ.

ಕುಳಾಯಿಯ ಅವರ ಮನೆಗೆ ಹೋದೆವು. ಗೋದ್ರೇಜ್ ಕಪಾಟಿನಲ್ಲಿ ಸೀರೆಗಳ ಕೆಳಗೆ ಡಿಸ್ಕ್. ಮಳೆಗಾಲದ ತೇವಕ್ಕೆ ಕವರಿನೊಳಗೆ ಸಿಲಿಕಾ ಜೆಲ್ಲಿನ ಎರಡು ಪುಟ್ಟ ಪೊಟ್ಟಣ, ಹೊಸ ಚಪ್ಪಲಿಯ ಪೆಟ್ಟಿಗೆಯಿಂದ ತೆಗೆದಿಟ್ಟದ್ದು. ಒಳಗೆ ಪ್ರತಿ ಶನಿವಾರಕ್ಕೆ ಒಂದೊಂದು ಫೋಲ್ಡರ್, ತಾರೀಕು ಬರೆದು. ಹಳೆಯದರ ಮೇಲೆ ಹೊಸದನ್ನು ಹಾಕಿರಲಿಲ್ಲ. ಇದು ಎಷ್ಟು ದೊಡ್ಡ ವಿಷಯ ಅಂತ ಒಂದು ಗಂಟೆಯಲ್ಲೇ ಗೊತ್ತಾಯಿತು.

ಡಿಸ್ಕನ್ನು ಕಾರ್ಖಾನೆಯ ಯಾವ ಕಂಪ್ಯೂಟರಿಗೂ ಹಾಕಲಿಲ್ಲ. ನಮ್ಮ ಆಫೀಸಿನಲ್ಲಿ ಹೊಸದಾಗಿ ವಿಂಡೋಸ್ ಹಾಕಿದ ಒಂದು ಲ್ಯಾಪ್‌ಟಾಪಿನಲ್ಲಿ ಮೊದಲು ಡಿಸ್ಕಿನ ಪೂರ್ತಿ ಕ್ಲೋನ್ ಮಾಡಿದೆವು. ಅಸಲು ಡಿಸ್ಕ್ ಎತ್ತಿಟ್ಟು, ಕ್ಲೋನ್ ತೆರೆದೆವು.

ಜೂನ್ 7ರ ಫೋಲ್ಡರ್ ಇರಲಿಲ್ಲ. ಆ ಶನಿವಾರ ಅಕ್ಕ ತಂಗಿಯ ಮಗಳ ಸೀಮಂತಕ್ಕೆ ರಜೆ ಹಾಕಿದ್ದರು. ಮೇ 31ರದ್ದು ಇತ್ತು. ತೆರೆದರೆ ಟ್ಯಾಲಿ ಡೇಟಾ ಎರರ್ ಅಂತು. ಅವತ್ತು ತಿಂಗಳ ಕೊನೆ, ಎಲ್ಲರೂ ಎಂಟ್ರಿ ಹಾಕುತ್ತಿದ್ದಾಗಲೇ ಕಾಪಿ ಹೊಡೆದಿದ್ದರು. ಬರೆಯುತ್ತಿರುವ ಫೈಲನ್ನು ನಡುವಿನಲ್ಲಿ ಕಾಪಿ ಮಾಡಿದರೆ ಅರ್ಧ ಹಳೆಯದು, ಅರ್ಧ ಹೊಸದು ಬರುತ್ತದೆ. ರಿಪೇರ್ ಓಡಿಸಿ ನೋಡಿದೆವು. ಓಡಿತು, ಆದರೆ ಟ್ರಯಲ್ ಬ್ಯಾಲೆನ್ಸ್ ತಾಳೆ ಬರಲಿಲ್ಲ. ಅದನ್ನು ನಂಬುವ ಹಾಗಿರಲಿಲ್ಲ.

ಮೇ 24. ಕಂಪನಿಯ ಐದಂಕಿಯ ಫೋಲ್ಡರ್ ತೆಗೆದು ಹಾಕಿದೆವು. ಕಂಪನಿಯ ಹೆಸರು ಬಂತು. ಅಕ್ಕ ಕನ್ನಡಕ ಸರಿ ಮಾಡಿಕೊಂಡು ಡೇ ಬುಕ್ ತೆರೆದರು. ಮೇ 24ರ ಕೊನೆಯ ವೋಚರ್ ಯಾವುದು ಅಂತ ಅವರಿಗೆ ನೆನಪಿತ್ತು, ಒಂದು ಡೀಸೆಲ್ ಬಿಲ್ಲು. "ಇದೇ, ಇದೇ" ಅಂದರು. ಕಣ್ಣು ಒರೆಸಿಕೊಂಡರು. ನಾನೂ ಕಿಟಕಿ ಕಡೆ ತಿರುಗಿದೆ.

ಎರಡು ವಾರ ಮತ್ತೆ ಕಟ್ಟಿದ್ದು

ಮೇ 25ರಿಂದ ಜೂನ್ 7ರವರೆಗಿನ ಲೆಕ್ಕ ಎಲ್ಲೂ ಇಲ್ಲ ಅಂದುಕೊಂಡಿದ್ದೆವು. ಕೂತು ಯೋಚಿಸಿದರೆ, ಚೂರು ಚೂರಾಗಿ ಎಲ್ಲೆಲ್ಲೋ ಇತ್ತು.

ಮಾರಾಟದ್ದು ಸರ್ಕಾರದ ಹತ್ತಿರವೇ ಇತ್ತು. 5 ಕೋಟಿ ದಾಟಿದ ವಹಿವಾಟಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್, ಅಂದರೆ ಸರ್ಕಾರದ ಪೋರ್ಟಲಿನಲ್ಲಿ ದಾಖಲಾಗುವ ಬಿಲ್, ಕಡ್ಡಾಯ. ಹಾಕಿದ ಇ-ಇನ್‌ವಾಯ್ಸ್ ತಾನಾಗಿ ಜಿಎಸ್‌ಟಿಆರ್-1ಕ್ಕೆ ಬಂದು ಕೂರುತ್ತದೆ. ಪೋರ್ಟಲಿನಿಂದ ಎಕ್ಸೆಲ್ ಇಳಿಸಿದೆವು. ಕೊನೆಯ ಬಿಲ್ ನಂಬರ್ ಎಷ್ಟು ಅಂತಲೂ ಅದರಲ್ಲೇ ಸಿಕ್ಕಿತು. ಹಾಗಾಗಿ ಮಂಗಳವಾರ ಬೆಳಗ್ಗಿನ ಲೋಡಿಗೆ ಇ-ಇನ್‌ವಾಯ್ಸ್ ಮತ್ತು ಇ-ವೇ ಬಿಲ್ಲನ್ನು ನಮ್ಮ ಲ್ಯಾಪ್‌ಟಾಪಿನಿಂದ ಪೋರ್ಟಲಿನಲ್ಲೇ ಹಾಕಿ ಲಾರಿ ಬಿಟ್ಟೆವು. ಒಂದೂವರೆ ಗಂಟೆ ತಡ ಆಯಿತು, ಅಷ್ಟೇ.

ಬ್ಯಾಂಕಿನದ್ದು ಸುಲಭ. ಸ್ಟೇಟ್‌ಮೆಂಟ್ ಇಳಿಸಿದರೆ ಆಯಿತು.

ಖರೀದಿಯಲ್ಲಿ ಕಷ್ಟ ಬಂತು. ವ್ಯಾಪಾರಿಗಳಿಂದ ಕೊಂಡದ್ದು ಜಿಎಸ್‌ಟಿ ಪೋರ್ಟಲಿನ ಖರೀದಿ ಪಟ್ಟಿ ಜಿಎಸ್‌ಟಿಆರ್-2ಬಿಯಲ್ಲಿ ಕಾಣುತ್ತದೆ, ಆದರೆ ಮೇ ತಿಂಗಳದ್ದು ಬರುವುದು ಜೂನ್ 14ಕ್ಕೆ. ರೈತರಿಂದ ಕೊಂಡ ಹಸಿ ಗೇರುಬೀಜ ಅದರಲ್ಲೂ ಬರುವುದಿಲ್ಲ. ಅದಕ್ಕೆ ರಿವರ್ಸ್ ಚಾರ್ಜ್, ತೆರಿಗೆ ಕಟ್ಟುವುದು ಕಾರ್ಖಾನೆಯೇ, ವೋಚರ್ ಬರೆಯುವುದೂ ಕಾರ್ಖಾನೆಯೇ. ಪುಣ್ಯಕ್ಕೆ ಗೋದಾಮಿನಲ್ಲಿ ಕಾರ್ಬನ್ ಹಾಕಿ ಬರೆದ ತೂಕದ ಚೀಟಿಗಳ ಪುಸ್ತಕ ಇತ್ತು. ಕೆಲವು ಹಾಳೆ ಒದ್ದೆಯಾಗಿ ಅಂಟಿಕೊಂಡಿದ್ದವು. ಅಕ್ಕ ಅವನ್ನು ಇಸ್ತ್ರಿ ಪೆಟ್ಟಿಗೆಯ ಮಂದ ಬಿಸಿಯಲ್ಲಿ ಒಂದೊಂದಾಗಿ ಬಿಡಿಸಿದರು.

ಕೂಲಿ ಲೆಕ್ಕಕ್ಕೆ ಸೂಪರ್‌ವೈಸರ್ ಹೆಂಗಸರ ರಿಜಿಸ್ಟರ್. ಯಾರು ಎಷ್ಟು ಕಿಲೋ ಸಿಪ್ಪೆ ತೆಗೆದರು ಅನ್ನುವುದು ಅದರಲ್ಲಿ ದಿನಾ ಬರೆಯುತ್ತಾರೆ. ಸ್ಟಾಕಿಗೆ ಬೇರೆ ದಾರಿ ಇರಲಿಲ್ಲ. 11.34 ಕಿಲೋದ ಟಿನ್ನುಗಳನ್ನು ಕೈಯಲ್ಲಿ ಎಣಿಸಿದೆವು.

ಜಿಎಸ್‌ಟಿಆರ್-1 11ರ ರಾತ್ರಿ 9ಕ್ಕೆ ಹೋಯಿತು. 15ಕ್ಕೆ ಪಿಎಫ್, ಇಎಸ್‌ಐ. 20ಕ್ಕೆ ಜಿಎಸ್‌ಟಿಆರ್-3ಬಿ, ತಿಂಗಳ ತೆರಿಗೆ ಕಟ್ಟುವ ರಿಟರ್ನ್. ಯಾವುದೂ ತಪ್ಪಲಿಲ್ಲ. ಹನ್ನೊಂದು ದಿನ ನಮ್ಮ ಮೂವರು ಅಲ್ಲೇ ಇದ್ದರು. ಅದಕ್ಕೆ ಬಿಲ್ ಮಾಡಲಿಲ್ಲ, ಹೊಸ ಡಿಸ್ಕುಗಳ ದುಡ್ಡೂ ನಮ್ಮದೇ.

ಒಂದು ವಿಷಯಕ್ಕೆ ಉತ್ತರ ಸಿಗಲಿಲ್ಲ. ಬೀಗ ಹಾಕುವ ಮೊದಲು ಅವರು ಡೇಟಾ ಕಾಪಿ ಮಾಡಿಕೊಂಡರೋ ಇಲ್ಲವೋ? ಕೂಲಿ ಫೈಲಿನಲ್ಲಿ ಹೆಂಗಸರ ಆಧಾರ್ ನಂಬರ್, ಬ್ಯಾಂಕ್ ಖಾತೆ ಇತ್ತು. ರೌಟರಿನಲ್ಲಿ ಲಾಗ್ ಇರಲಿಲ್ಲ. ಕದ್ದದ್ದಕ್ಕೆ ಸಾಕ್ಷಿ ಇಲ್ಲ ಅಂದರೆ ಕದ್ದಿಲ್ಲ ಅಂತ ಆಗುವುದಿಲ್ಲ. ಧಣಿಗಳಿಗೆ ಹಾಗೆಯೇ ಹೇಳಿದೆ. ಅವರು ಶನಿವಾರ ಕೂಲಿ ಕೊಡುವಾಗ ಎಲ್ಲರನ್ನೂ ಕೂರಿಸಿ ತುಳುವಿನಲ್ಲೂ ಕನ್ನಡದಲ್ಲೂ ವಿಷಯ ತಿಳಿಸಿದರು. ಬ್ಯಾಂಕಿನಿಂದ ಅಂತ ಯಾರೇ ಫೋನ್ ಮಾಡಿದರೂ ಒಟಿಪಿ ಹೇಳಬೇಡಿ, ದುಡ್ಡು ಹೋದರೆ ಆ ಕ್ಷಣವೇ 1930ಕ್ಕೆ ಫೋನ್ ಮಾಡಿ ಅಂತ. ತಮ್ಮ ಕಾರ್ಖಾನೆಯಲ್ಲಿ ಹೀಗಾಯಿತು ಅಂತ ಕೆಲಸದವರ ಮುಂದೆ ಹೇಳಲು ದೊಡ್ಡ ಮನಸ್ಸು ಬೇಕು.

ಆಮೇಲೆ

ಜುಲೈಯಲ್ಲಿ ಉಳಿದ ಎಲ್ಲ ಕಡೆ ಹೋಗಿ ಒಂದೇ ಪ್ರಶ್ನೆ ಕೇಳಿದೆವು. ಇವತ್ತು ಈ ಸರ್ವರ್ ಇಲ್ಲ ಅಂದುಕೊಳ್ಳಿ, ಬ್ಯಾಕಪ್ಪಿನಿಂದ ಎದ್ದು ನಿಲ್ಲುತ್ತದಾ? ಖಾಲಿ ಕಂಪ್ಯೂಟರ್ ಒಯ್ದು ಅಲ್ಲೇ ರಿಸ್ಟೋರ್ ಮಾಡಿ ನೋಡಿದೆವು. ಐದು ಕಡೆ ಆಗಲಿಲ್ಲ. ಐದರಲ್ಲೂ ದಿನಾ "ಸಕ್ಸೆಸ್" ಮೇಲ್ ಬರುತ್ತಿತ್ತು. ಉಡುಪಿಯ ಒಂದು ಕ್ಲಿನಿಕ್ಕಿನಲ್ಲಿ ಸಾಫ್ಟ್‌ವೇರ್ ಹೊಸ ವರ್ಷನ್ನಿಗೆ ಹೋದಾಗ ಡೇಟಾ ಬೇರೆ ಫೋಲ್ಡರಿಗೆ ಹೋಗಿತ್ತು. ಬ್ಯಾಕಪ್ ಹಳೆಯ ಫೋಲ್ಡರನ್ನೇ ನಿಷ್ಠೆಯಿಂದ ಕಾಪಿ ಮಾಡುತ್ತಿತ್ತು. ಇನ್ನೊಂದು ಕಡೆ ಎಸ್‌ಕ್ಯುಎಲ್ ಡೇಟಾಬೇಸ್ ಓಡುತ್ತಿದ್ದ ಕಾರಣ ಆ ಒಂದೇ ಫೈಲನ್ನು ಬಿಟ್ಟು ಉಳಿದದ್ದೆಲ್ಲ ಕಾಪಿ ಆಗಿತ್ತು. ಬೇಕಾದದ್ದು ಆ ಒಂದೇ ಫೈಲು, ಅಲ್ವಾ?

ಈಗ ಒಂದೊಂದು ಕಡೆಗೂ ಬೇರೆ ಬೇರೆ ಪಾಸ್‌ವರ್ಡ್. ಯಾರಿಗೂ ಬಾಯಿಪಾಠ ಬರುವುದಿಲ್ಲ, ಪಾಸ್‌ವರ್ಡ್ ಮ್ಯಾನೇಜರಿನಲ್ಲಿ ಇದೆ. ಅದನ್ನು ತೆರೆಯಲು ಫೋನಿನ ಕೋಡೂ ಬೇಕು. ರಿಮೋಟ್ ಡೆಸ್ಕ್‌ಟಾಪ್ ಎಲ್ಲೂ ಹೊರಗೆ ತೆರೆದಿಲ್ಲ, ವಿಪಿಎನ್ ಅನ್ನುವ ಖಾಸಗಿ ದಾರಿಯ ಒಳಗಿಂದ ಮಾತ್ರ. ನ್ಯಾಸ್ ಸರ್ವರಿಗೆ ಈಗ ಕಾಣುವುದೇ ಇಲ್ಲ. ನ್ಯಾಸ್ ತಾನೇ ಸರ್ವರಿನಿಂದ ಡೇಟಾ ಎಳೆದುಕೊಳ್ಳುತ್ತದೆ, ಸರ್ವರಿನ ಹತ್ತಿರ ನ್ಯಾಸ್‌ನ ಕೀಲಿ ಇಲ್ಲ. ಅದರಲ್ಲಿ ಸ್ನ್ಯಾಪ್‌ಶಾಟ್, ಅಂದರೆ ಆಯಾ ಹೊತ್ತಿನ ಡೇಟಾವನ್ನು ಇದ್ದ ಹಾಗೇ ಉಳಿಸಿಡುವ ಸೌಲಭ್ಯ, ಮೊದಲೂ ಇತ್ತು, ನಾವು ಆನ್ ಮಾಡಿರಲಿಲ್ಲ. ಕ್ಲೌಡಿನಲ್ಲಿ ಇನ್ನೊಂದು ಕಾಪಿ ಇದೆ, 30 ದಿನ ಅದನ್ನು ನಾವೂ ಅಳಿಸಲಿಕ್ಕೆ ಆಗದ ಹಾಗೆ ಬೀಗ ಹಾಕಿದ್ದೇವೆ. ಮೂರು ಕಾಪಿ, ಎರಡು ಬಗೆಯ ಜಾಗ, ಒಂದು ಹೊರಗೆ ಅನ್ನುವ 3-2-1 ಲೆಕ್ಕ ಹಳೆಯದೇ. ಅಕ್ಕ ಅದರ ಹೆಸರು ಕೇಳದೆಯೇ ಮಾಡುತ್ತಿದ್ದರು.

ಎಎಂಸಿ ಕಾಗದವನ್ನೂ ಬದಲಿಸಿದೆವು. ಮೊದಲು "ಬ್ಯಾಕಪ್ ಸಪೋರ್ಟ್" ಅಂತ ಎರಡೇ ಪದ ಇತ್ತು. ಈಗ ಗಿರಾಕಿಯ ಜೊತೆ ಕೂತು ಎರಡು ಅಂಕಿ ಬರೆಯುತ್ತೇವೆ. ಎಷ್ಟು ದಿನದ ಕೆಲಸ ಹೋದರೆ ನೀವು ತಡೆದುಕೊಳ್ಳುತ್ತೀರಿ? ಎಷ್ಟು ಗಂಟೆ ಕಂಪ್ಯೂಟರ್ ಇಲ್ಲದೆ ನಡೆಸುತ್ತೀರಿ? ಗೇರುಬೀಜ ಕಾರ್ಖಾನೆ ಒಂದು ದಿನ, ಎಂಟು ಗಂಟೆ ಅಂತ ಬರೆಸಿತು. ಆಡಿಟರ ಆಫೀಸು ಎರಡು ಗಂಟೆ ಅಂದಿತು. ಅದರ ಖರ್ಚು ಕೇಳಿ ಒಂದು ದಿನಕ್ಕೆ ಇಳಿಯಿತು. ಆ ಮಾತು ಮೊದಲೇ ಆಡಿದ್ದು ಒಳ್ಳೆಯದಾಯಿತು.

ಪ್ರತಿ ತಿಂಗಳ ಮೊದಲ ಗುರುವಾರ ರಿಸ್ಟೋರ್ ಪರೀಕ್ಷೆ. ನಾವು ಎಬ್ಬಿಸುತ್ತೇವೆ, ಗಿರಾಕಿಯ ಕಡೆಯವರು ತೆರೆದು ನೋಡಿ ಸಹಿ ಹಾಕುತ್ತಾರೆ. ಕಾರ್ಖಾನೆಯಲ್ಲಿ ಸಹಿ ಅಕ್ಕನದ್ದು. ಹಿಂದಿನ ದಿನದ ಕೊನೆಯ ವೋಚರ್ ಕಾಣದೆ ಅವರು ಪೆನ್ನು ಎತ್ತುವುದಿಲ್ಲ. ಶನಿವಾರದ ಡಿಸ್ಕನ್ನೂ ಬಿಟ್ಟಿಲ್ಲ. ಈಗ ಎರಡು ಡಿಸ್ಕ್, ಒಂದು ವಾರ ಒಂದು. ಕಾಪಿ ಹೊಡೆಯುವ ಮೊದಲು ಎಲ್ಲರ ಟ್ಯಾಲಿ ಮುಚ್ಚಿಸುತ್ತಾರೆ.

ಬೀಗ ಬಿದ್ದ ಹಳೆಯ ಡಿಸ್ಕುಗಳು ನಮ್ಮ ಆಫೀಸಿನ ಕಪಾಟಿನಲ್ಲಿವೆ, ತಾರೀಕು ಬರೆದ ಕವರಿನಲ್ಲಿ. ಟ್ಯಾಲಿ ಬಂತು, ಕೂಲಿ ಲೆಕ್ಕ ಬಂತು. ಆದರೆ ಎಂಟು ವರ್ಷದ ಗ್ರೇಡಿಂಗ್ ಲೆಕ್ಕ, ಯಾವ ಊರಿನ ಬೀಜದಿಂದ ಎಷ್ಟು ಡಬ್ಲ್ಯು-240 ಬರುತ್ತದೆ ಅಂತ ಧಣಿಗಳು ಒಂದೊಂದು ಲಾಟಿಗೂ ಬರೆಸಿಟ್ಟದ್ದು, ಅಕ್ಕನ ಡಿಸ್ಕಿನಲ್ಲಿ ಇರಲಿಲ್ಲ. ಅದು ಟ್ಯಾಲಿ ಫೋಲ್ಡರಿನ ಹೊರಗಿತ್ತು. ಮೂರು ತಿಂಗಳಿಗೊಮ್ಮೆ ನೋ ಮೋರ್ ರಾನ್ಸಮ್ ತೆರೆದು ನಮ್ಮ ಬಾಲದ ಹೆಸರು ಹಾಕಿ ನೋಡುತ್ತೇನೆ. ಹೋದ ವಾರವೂ ನೋಡಿದೆ. ಇನ್ನೂ ಬಂದಿಲ್ಲ.